ಕಜ್ಜಿ ನಾಯಿ ಮತ್ತು ವೇಸ್ಟ್ ಆಯಿಲ್

(ಪೆರಾಬೆಯ ಒಂದು ಮನೆಯ ಜಗಲಿ. ಮಾತಾಡುವವರು ಇಬ್ಬರು: ಅಡಿಕೆ, ರಬ್ಬರು, ಎರಡು ಹಸು, ಎರಡು ನಾಯಿ ನೋಡಿಕೊಂಡಿರುವ ಸೋದರತ್ತೆ, ಬೇರೆ ಜಿಲ್ಲೆಯಲ್ಲಿ ಪಶುವೈದ್ಯನಾಗಿದ್ದು ರಜೆಗೆ ಬಂದಿರುವ ಅಳಿಯ. ಹೆಸರು ಬೇಡ. ಇಂಥ ಇಬ್ಬರು ಕಡಬ ತಾಲ್ಲೂಕಿನ ಯಾವ ಮನೆಯಲ್ಲೂ ಸಿಕ್ಕಾರು.)

ಅತ್ತೆ: ನೀನು ಬಂದದ್ದು ಒಳ್ಳೇದಾಯ್ತು. ಕಾಳುವಿಗೆ ಕಜ್ಜಿ ಹತ್ತಿದೆ. ರಾತ್ರಿಯಿಡೀ ಕೆರೆದುಕೊಳ್ಳುವ ಶಬ್ದಕ್ಕೆ ನಮಗೂ ನಿದ್ದೆ ಇಲ್ಲ. ನಿನ್ನ ಮಾವ ಆಲಂಕಾರಿನಿಂದ ಒಂದು ಡಬ್ಬ ವೇಸ್ಟ್ ಆಯಿಲ್ ತಂದು ಹಟ್ಟಿಯಲ್ಲಿ ಇಟ್ಟಿದ್ದಾರೆ. ಮಳೆ ಹೊಳವಾದರೆ ಹಚ್ಚುವುದು ಅಂತ.

ಅಳಿಯ: ಹಾಗಾದರೆ ಇವತ್ತು ಮಳೆ ಬಿಡದಿರಲಿ ಅತ್ತೆ.

ಅತ್ತೆ: ತಮಾಷೆ ಬೇಡ ಮಾರಾಯ. ಊರಲ್ಲಿ ಜೀಪು ಬಂದ ದಿನದಿಂದ ನಾಯಿಗೆ ಅದೇ ಮದ್ದು. ಗುಣ ಆದದ್ದನ್ನು ನಾನೇ ನೋಡಿದ್ದೇನೆ.

ಅಳಿಯ: ಗುಣವಾದದ್ದೂ ಉಂಟು, ಸತ್ತದ್ದೂ ಉಂಟು. ಗುಣವಾದರೆ ಆಯಿಲಿನ ಲೆಕ್ಕಕ್ಕೆ ಬರೆಯುತ್ತಾರೆ, ಸತ್ತರೆ ಕಜ್ಜಿಯ ಲೆಕ್ಕಕ್ಕೆ. ದಪ್ಪ ಎಣ್ಣೆ ಬಿದ್ದರೆ ಮೇಲಿನ ನಾಲ್ಕು ಹುಳ ಉಸಿರುಕಟ್ಟಿ ಸಾಯುವುದು ಸುಳ್ಳಲ್ಲ. ಆದರೆ ಎಂಜಿನ್ ಒಳಗೆ ಸಾವಿರಾರು ಕಿಲೋಮೀಟರ್ ಕುದಿದ ಆಯಿಲಿನಲ್ಲಿ ಸವೆದ ಲೋಹದ ಕಣ, ಅರ್ಧ ಸುಟ್ಟ ಪೆಟ್ರೋಲಿಯಂ ವಿಷ ಎಲ್ಲ ಸೇರಿರುತ್ತದೆ. ಕಜ್ಜಿ ಹಿಡಿದ ಚರ್ಮ ಅಂದರೆ ಬಿರುಕು ಬಿಟ್ಟ ಚರ್ಮ, ಅದರ ಮೂಲಕ ಒಳಗೆ ಹೋಗುವುದು ಸುಲಭ. ಉಳಿದದ್ದನ್ನು ನಾಯಿಯೇ ನೆಕ್ಕಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಪಿತ್ತಜನಕಾಂಗ, ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ. ವಾಂತಿಯಾಗುವಾಗ ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಚಿಮಿಣಿ ಎಣ್ಣೆಯದೂ ಇದೇ ಕಥೆ.

ಅತ್ತೆ: ಮತ್ತೆ ಎಂತ ಮಾಡುವುದು? ಹಾಗೇ ಬಿಡಲಿಕ್ಕೆ ಆಗ್ತದಾ?

ಅಳಿಯ: ಮೊದಲು ನಾಯಿಯನ್ನು ನೋಡುವ. ಕರೆಯಿರಿ. ಎಲ್ಲಿ ಮಲಗಿದ್ದಾನೆ?

ಅತ್ತೆ: ಎಲ್ಲಿ ಅಂದರೆ ಬಚ್ಚಲ ಒಲೆಯ ಬೂದಿಯಲ್ಲಿ. ಬಿಸಿ ಬೂದಿ ಸಿಕ್ಕಿದರೆ ಏಳುವುದಿಲ್ಲ ಅವನು... ಬಂದ ನೋಡು. ಕಪ್ಪು ನಾಯಿ ಈಗ ಬೂದಿ ಬಣ್ಣ ಆಗಿದ್ದಾನೆ.

ಅಳಿಯ: ಕಿವಿಯ ಅಂಚು ನೋಡಿ, ಹಳದಿ ಹೊಪ್ಪಳೆ ಕಟ್ಟಿದೆ. ಮುಂಗಾಲಿನ ಮೊಣಕೈ, ಹಿಂಗಾಲಿನ ಹಿಮ್ಮಡಿಗಂಟು, ಹೊಟ್ಟೆಯ ಅಡಿ, ಎಲ್ಲ ಕೂದಲು ಕಡಿಮೆ ಇರುವ ಜಾಗ. ಈಗ ಕಿವಿಯ ತುದಿಯನ್ನು ಮಡಚಿ ಅದಕ್ಕೆ ಅದನ್ನೇ ಉಜ್ಜುತ್ತೇನೆ. ಹಿಂಗಾಲನ್ನು ನೋಡ್ತಾ ಇರಿ.

ಅತ್ತೆ: ಅಯ್ಯೋ, ಕಾಲು ತನ್ನಷ್ಟಕ್ಕೇ ಗಾಳಿಯಲ್ಲಿ ಕೆರೆಯುತ್ತಾ ಉಂಟು!

ಅಳಿಯ: ಇದು ನಾವು ಮಾಡುವ ಹಳೇ ಪರೀಕ್ಷೆ. ಕಿವಿ ಉಜ್ಜಿದರೆ ಕಾಲು ಕೆರೆಯಿತೆಂದರೆ ಸಾರ್ಕಾಪ್ಟಿಸ್ ಎಂಬ ನುಸಿಯ ಮೇಲೆ ಬಲವಾದ ಅನುಮಾನ. ಇಷ್ಟರಿಂದಲೇ ನಿಶ್ಚಯ ಅನ್ನಲಾಗದು, ಆದರೆ ದಾರಿ ಗೊತ್ತಾಗುತ್ತದೆ.

ಅತ್ತೆ: ನುಸಿ ಅಂದರೆ ತೆಂಗಿನಕಾಯಿಗೆ ಬರುವುದಾ?

ಅಳಿಯ: ಅದರ ದೂರದ ನೆಂಟ. 1998ರಲ್ಲಿ ಕೇರಳದ ಎರ್ನಾಕುಳಂ ಕಡೆ ಕಾಣಿಸಿ ಆಮೇಲೆ ನಮ್ಮ ತೋಟಗಳಿಗೂ ಬಂತಲ್ಲ, ಆ ತೆಂಗಿನ ನುಸಿ ಎಲ್ಲಿರುತ್ತದೆ? ಕಾಯಿಯ ತೊಟ್ಟಿನ ಎಸಳಿನ ಅಡಿಯಲ್ಲಿ. ನೀವು ಕಾಯಿಯ ಹೊಟ್ಟೆಗೆ ಎಷ್ಟು ಮದ್ದು ಹೊಡೆದರೂ ಅದಕ್ಕೆ ತಾಗುವುದಿಲ್ಲ. ಕಾಳುವಿನ ನುಸಿಯೂ ಹಾಗೆಯೇ. ಚರ್ಮದ ಮೇಲ್ಪದರದೊಳಗೆ ಸುರಂಗ ಕೊರೆದು ಕೂತಿದೆ. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುವ ಹೆಣ್ಣು ಸುರಂಗ ತೋಡುತ್ತಾ ಹಿಂದಿನಿಂದ ಮೊಟ್ಟೆ ಇಡುತ್ತಾ ಹೋಗುತ್ತದೆ. ಮೂರರಿಂದ ಐದು ದಿನದಲ್ಲಿ ಮೊಟ್ಟೆ ಒಡೆಯುತ್ತದೆ, ಎರಡು ಮೂರು ವಾರಕ್ಕೆ ಮರಿ ದೊಡ್ಡದಾಗಿ ಮತ್ತೆ ಸುರಂಗ. ತುರಿಕೆ ಬರುವುದು ಅದು ಕಚ್ಚಿದ್ದಕ್ಕಿಂತ ಹೆಚ್ಚಾಗಿ ಅದರ ಹಿಕ್ಕೆ, ಮೊಟ್ಟೆ, ಎಂಜಲಿಗೆ ಮೈ ತೋರಿಸುವ ಅಲರ್ಜಿಯಿಂದ.

ಅತ್ತೆ: ಹಾಗಾದರೆ ಮರಿಗೂ ಇವನಿಂದಲೇ ಹತ್ತಿದ್ದು. ಅದಕ್ಕೂ ಕಣ್ಣಿನ ಸುತ್ತ ಕೂದಲು ಉದುರಿದೆ. ಮೂತಿಯ ಬದಿಯಲ್ಲೂ ಒಂದು ಬಿಲ್ಲೆಯಷ್ಟು.

ಅಳಿಯ: ಕೆರೆದುಕೊಳ್ಳುತ್ತದಾ?

ಅತ್ತೆ: ಇಲ್ಲ. ಅದಕ್ಕೆ ಆಟ ಒಂದೇ ಕೆಲಸ.

ಅಳಿಯ: ಹಾಗಾದರೆ ಇದು ಬೇರೆ ಇರಬೇಕು. ಇದು ಡೆಮೊಡೆಕ್ಸ್ ಎಂಬ ನುಸಿಯ ಲಕ್ಷಣ. ಅದು ಸುರಂಗ ಕೊರೆಯುವುದಿಲ್ಲ, ಕೂದಲಿನ ಬುಡದ ಗುಂಡಿಯಲ್ಲಿ ತಲೆ ಕೆಳಗಾಗಿ ಇರುತ್ತದೆ. ಆರೋಗ್ಯವಂತ ನಾಯಿಗಳ ಮೈಮೇಲೂ ನಾಲ್ಕಾರು ಇದ್ದೇ ಇರುತ್ತವೆ. ಹುಟ್ಟಿದ ಎರಡು ಮೂರು ದಿನದಲ್ಲಿ ಮೊಲೆ ಕುಡಿಯುವಾಗ ತಾಯಿಯಿಂದ ಬಂದದ್ದು. ಮರಿಯ ರೋಗನಿರೋಧಕ ಶಕ್ತಿ ಇನ್ನೂ ಬಲಿಯದೆ ಇದ್ದಾಗ ಸಂಖ್ಯೆ ಏರಿ ಹೀಗೆ ಕೂದಲು ಉದುರುತ್ತದೆ. ಇದು ಕಾಳುವಿಗೆ ಹತ್ತುವುದಿಲ್ಲ, ನಿಮಗೂ ಹತ್ತುವುದಿಲ್ಲ.

ಅತ್ತೆ: ಒಂದೇ ಮನೆಯಲ್ಲಿ ಎರಡು ಕಜ್ಜಿ?

ಅಳಿಯ: ಎರಡಕ್ಕೂ ಒಂದೇ ಡಬ್ಬದ ಆಯಿಲ್ ಹಚ್ಚಲು ಹೊರಟಿದ್ದಿರಿ. ಅಷ್ಟೇ ಅಲ್ಲ, ಮಳೆಗಾಲದಲ್ಲಿ ಕೂದಲು ಉದುರಿದ್ದೆಲ್ಲ ನುಸಿಯೂ ಅಲ್ಲ. ಹುಳಕಡ್ಡಿ ಇರಬಹುದು, ಚಿಗಟಕ್ಕೆ ಅಲರ್ಜಿ ಇರಬಹುದು, ಉಣುಗು ಕಚ್ಚಿದಲ್ಲಿ ಕೀವಾಗಿರಬಹುದು. ಅದಕ್ಕೇ ಚರ್ಮ ಕೆರೆದು ನೋಡುವುದು. ಬ್ಲೇಡಿಗೆ ಒಂದು ಹನಿ ಎಣ್ಣೆ ಹಾಕಿ ಸ್ವಲ್ಪ ರಕ್ತ ಜಿನುಗುವಷ್ಟು ಕೆರೆದು, ಗಾಜಿನ ಮೇಲೆ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಡೆಮೊಡೆಕ್ಸ್ ಆದರೆ ಹೆಚ್ಚಾಗಿ ಸಿಕ್ಕಿಬೀಳುತ್ತದೆ: ಉದ್ದ ಮೈ, ಮುಂದೆ ಎಂಟು ಮೋಟು ಕಾಲು. ಸಾರ್ಕಾಪ್ಟಿಸ್ ಹಾಗಲ್ಲ. ಮೈತುಂಬ ಕಜ್ಜಿ ಇದ್ದರೂ ಗಾಜಿನ ಮೇಲೆ ಎಷ್ಟೋ ಸಲ ಒಂದೂ ಕಾಣುವುದಿಲ್ಲ. ಕಾಣಲಿಲ್ಲ ಅಂತ ಬಿಡುವುದಿಲ್ಲ, ಲಕ್ಷಣ ನೋಡಿ ಮದ್ದು ಕೊಟ್ಟೇ ನೋಡುತ್ತೇವೆ.

ಅತ್ತೆ: ಕಾಣದ ಹುಳವನ್ನು ಮೊದಲು ಕಂಡವರು ಯಾರೋ!

ಅಳಿಯ: ಇಟಲಿಯಲ್ಲಿ, 1687ರಲ್ಲಿ. ಬೊನೋಮೊ ಎಂಬ ವೈದ್ಯ, ಚೆಸ್ತೋನಿ ಎಂಬ ಔಷಧ ಅಂಗಡಿಯವ. ಮನುಷ್ಯರ ಕಜ್ಜಿಯಿಂದ ಹುಳವನ್ನು ಸೂಜಿಯಲ್ಲಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಚಿತ್ರ ಬರೆದು ಪ್ರಕಟಿಸಿದರು. ಕಜ್ಜಿ ರಕ್ತದ ದೋಷದಿಂದ ಬರುವುದಲ್ಲ, ಹುಳದಿಂದ ಅಂದರು. ಯಾರೂ ನಂಬಲಿಲ್ಲ. ನಂಬಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು.

ಅತ್ತೆ: ಇಲ್ಲಿ ಈಗಲೂ ನಂಬುವುದಿಲ್ಲ. ರಕ್ತ ಕೆಟ್ಟಿದೆ, ಕೋಳಿಯ ಕರುಳು ತಿಂದು ಉಷ್ಣ ಆಗಿದೆ ಅಂತಲೇ ಹೇಳುವುದು. ಅಂದ ಹಾಗೆ ಮರಿಗೆ ನಾನು ಒಂದು ಟ್ಯೂಬ್ ತರಿಸಿಟ್ಟಿದ್ದೇನೆ. ಮನುಷ್ಯರ ಹುಳಕಡ್ಡಿಗೆ ಕೊಡುವುದು. ಹಚ್ಚಬಹುದಾ?

ಅಳಿಯ: ಕೊಡಿ ನೋಡುವ... ಬೀಟಾಮೆಥಾಸೋನ್ ಅಂತ ಬರೆದದ್ದು ಕಾಣುತ್ತದಾ? ಸ್ಟಿರಾಯ್ಡ್. ಇದನ್ನು ಮರಿಗೆ ಹಚ್ಚಲೇಬೇಡಿ. ವೇಸ್ಟ್ ಆಯಿಲಿನಷ್ಟೇ ಕೋಪ ನನಗೆ ಈ ಟ್ಯೂಬುಗಳ ಮೇಲೂ ಉಂಟು. ಸ್ಟಿರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಎರಡು ದಿನ ಅಡಗಿಸಿ ಗುಣವಾದ ಹಾಗೆ ತೋರಿಸುತ್ತದೆ. ಒಳಗೆ ನುಸಿಯನ್ನು ತಡೆದು ನಿಲ್ಲಿಸಿದ್ದ ಶಕ್ತಿಯನ್ನೇ ಕುಗ್ಗಿಸುತ್ತದೆ. ಕಣ್ಣಿನ ಸುತ್ತ ಒಂದು ಬಿಲ್ಲೆಯಷ್ಟಿದ್ದದ್ದು ತಿಂಗಳಲ್ಲಿ ಮೈಯಿಡೀ ಹರಡಿ, ಕೀವಾಗಿ, ಪಾದ ಊದಿ, ಹತ್ತಿರ ಹೋಗಲಾಗದಷ್ಟು ನಾರುತ್ತದೆ. ಆಗ ತಿಂಗಳುಗಟ್ಟಲೆ ಮದ್ದು. ಅದೇ ಈಗ ಏನೂ ಹಚ್ಚದೆ, ಹುಳದ ಮದ್ದು ಕೊಟ್ಟು, ಒಳ್ಳೆಯ ಊಟ ಹಾಕಿದರೆ ಇಂಥ ಮರಿಗಳಲ್ಲಿ ಹೆಚ್ಚಿನವು ಒಂದೆರಡು ತಿಂಗಳಲ್ಲಿ ತಾವಾಗಿಯೇ ಗುಣವಾಗುತ್ತವೆ.

ಅತ್ತೆ: ದೊಡ್ಡ ನಾಯಿಗೂ ಇದು ಬರ್ತದಾ?

ಅಳಿಯ: ಬಂದರೆ ಅದು ಬೇರೆ ಕಾಯಿಲೆಯ ಸೂಚನೆ. ಐದಾರು ವರ್ಷದ ನಾಯಿಗೆ ಹೊಸದಾಗಿ ಡೆಮೊಡೆಕ್ಸ್ ಬಂತೆಂದರೆ ಚರ್ಮ ಮಾತ್ರ ನೋಡಿದರೆ ಸಾಲದು. ಥೈರಾಯ್ಡ್, ಅಡ್ರಿನಲ್ ಗ್ರಂಥಿಯ ತೊಂದರೆ, ಹಿಂದೆ ಕೊಟ್ಟ ಸ್ಟಿರಾಯ್ಡ್, ಎಲ್ಲ ಹುಡುಕಬೇಕು.

ಅತ್ತೆ: ಊಟ ಅಂದೆಯಲ್ಲ. ನಮ್ಮಲ್ಲಿ ನಾಯಿಗೆ ಕುಚ್ಚಲಕ್ಕಿ ಗಂಜಿಯೇ. ಮೀನು ತಂದ ದಿನ ತಲೆ.

ಅಳಿಯ: ಮೀನಿನ ತಲೆ ದಿನಾ ಆದರೂ ಒಳ್ಳೇದೇ, ಬೇಯಿಸಿ ಮುಳ್ಳು ತೆಗೆದು ಹಾಕಿ. ಒಂದು ಮೊಟ್ಟೆ. ಬರೀ ಗಂಜಿ ಕುಡಿದ ನಾಯಿಗೆ ಹೊಸ ಚರ್ಮ ಕಟ್ಟಲು ಸಾಮಗ್ರಿ ಎಲ್ಲಿಂದ ಬರಬೇಕು?

ಅತ್ತೆ: ಹೋಗಲಿ, ಆಯಿಲ್ ಬೇಡ, ಟ್ಯೂಬ್ ಬೇಡ. ಗಂಧಕ? ರಬ್ಬರಿಗೆ ಹೊಡೆಯಲು ತಂದ ಗಂಧಕದ ಹುಡಿ ಅರ್ಧ ಗೋಣಿ ಉಂಟು. ಪಕ್ಕದ ಮನೆಯವರು ಮೈಲುತುತ್ತಿನ ನೀರಿನಲ್ಲೇ ಮೀಯಿಸಿದರಂತೆ.

ಅಳಿಯ: ಗಂಧಕದ ವಿಷಯದಲ್ಲಿ ಹಿಂದಿನವರು ತಪ್ಪಿಲ್ಲ. ಗಂಧಕ ನುಸಿಯನ್ನು ಕೊಲ್ಲುತ್ತದೆ. ಸುಣ್ಣ-ಗಂಧಕ ಸೇರಿಸಿ ಮಾಡಿದ ದ್ರಾವಣವನ್ನು ಇವತ್ತೂ ಪಶುವೈದ್ಯರು ಬಳಸುತ್ತಾರೆ, ಎಳೇ ಮರಿಗೂ ಬೆಕ್ಕಿಗೂ ಆಗುವಂಥದ್ದು. ಆದರೆ ಅದು ಅಳೆದು ಮಾಡಿದ್ದು. ಮರದ ಎಲೆಯ ಬೂಷ್ಟಿಗೆ ಊದುವ ಹುಡಿಯನ್ನು ನಾಯಿಯ ಕಣ್ಣು ಮೂಗಿಗೆ ಊದುವುದು ಬೇರೆ. ಮೈಲುತುತ್ತು ಮಾತ್ರ ಬೇಡವೇ ಬೇಡ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣದ ಬೋರ್ಡೋ ದ್ರಾವಣ ಅಡಿಕೆಯ ಕೊಳೆರೋಗಕ್ಕೆ ಸರಿ. ಅದು ಬೂಷ್ಟಿನ ಜಾತಿಯ ರೋಗ, ಇದು ನುಸಿ. ನೆಕ್ಕಿದ ನಾಯಿಗೆ ತಾಮ್ರದ ವಿಷವೇರುತ್ತದೆ. ಇನ್ನು ತೋಟದ ಕೀಟನಾಶಕ ಹಚ್ಚುವವರೂ ಇದ್ದಾರೆ. ಎಂಡೋಸಲ್ಫಾನ್ ಕಂಡ ಊರಲ್ಲಿ ಅದನ್ನು ನಾನು ಬಿಡಿಸಿ ಹೇಳಬೇಕಾ ಅತ್ತೆ?

ಅತ್ತೆ: ಬೇಡ. ಗೇರು ಗುಡ್ಡೆಗೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಟ್ಟದ್ದು ಕೊಕ್ಕಡದವರಿಗೆ, ಪಟ್ರಮೆಯವರಿಗೆ ಮರೆತಿಲ್ಲ. ಕೋರ್ಟು ನಿಷೇಧ ಮಾಡಿದ್ದು 2011ರಲ್ಲಿ. ಮಲಗಿದಲ್ಲೇ ಇರುವ ಮಕ್ಕಳನ್ನು ಇವತ್ತೂ ತಾಯಂದಿರೇ ಎತ್ತಿ ಆಡಿಸಬೇಕು... ಸರಿ, ಡಬ್ಬದಲ್ಲಿ ಇರುವುದೆಲ್ಲ ಮದ್ದಲ್ಲ ಅಂತ ಒಪ್ಪಿದೆ. ಬೇವಿನೆಣ್ಣೆ?

ಅಳಿಯ: ತೆಂಗಿನೆಣ್ಣೆಗೆ ಸ್ವಲ್ಪ ಬೇವಿನೆಣ್ಣೆ ಸೇರಿಸಿ ಹಚ್ಚಿದರೆ ಹೊಪ್ಪಳೆ ಮೆತ್ತಗಾಗುತ್ತದೆ, ಅಷ್ಟೇ. ಸುರಂಗದೊಳಗಿನ ಮೊಟ್ಟೆಯವರೆಗೆ ಮುಟ್ಟುವುದಿಲ್ಲ.

ಅತ್ತೆ: ಮುಟ್ಟುವ ಮದ್ದು ಯಾವುದು ಹಾಗಾದರೆ? ಇಂಜೆಕ್ಷನ್ ಕೊಟ್ಟರೆ ಒಂದೇ ಸಲಕ್ಕೆ ಹೋಗ್ತದೆ ಅಂತಾರೆ.

ಅಳಿಯ: ಅದು ಐವರ್‌ಮೆಕ್ಟಿನ್. ಅದರ ಕಥೆ ಮಣ್ಣಿನಿಂದ ಸುರು. ಜಪಾನಿನ ಸತೋಶಿ ಓಮುರಾ 1970ರ ದಶಕದಲ್ಲಿ ಶಿಜುವೊಕಾದ ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣು ತಂದು ಅದರಲ್ಲೊಂದು ಸೂಕ್ಷ್ಮಜೀವಿ ಕಂಡುಹಿಡಿದರು. ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಅದರಿಂದ ಮದ್ದಾಗುವುದನ್ನು ತೋರಿಸಿದರು. 1981ರಲ್ಲಿ ಮೊದಲು ದನ, ಕುರಿಗಳಿಗೆ ಬಂತು. 2015ರಲ್ಲಿ ಇಬ್ಬರಿಗೂ ನೊಬೆಲ್. ಒಳ್ಳೆಯ ಮದ್ದೇ. ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಇಂಜೆಕ್ಷನ್ ದನದ ಅಳತೆಯದು. ಒಂದು ಮಿಲಿ ಲೀಟರ್ ಮದ್ದು ಐವತ್ತು ಕಿಲೋ ತೂಕಕ್ಕೆ. ಕಾಳು ಎಷ್ಟು ಕಿಲೋ ಇರಬಹುದು?

ಅತ್ತೆ: ಯಾರಿಗೆ ಗೊತ್ತು? ನಾಯಿಯನ್ನು ಯಾರು ತೂಗಿದ್ದಾರೆ?

ಅಳಿಯ: ಅಲ್ಲೇ ಇರುವುದು ತೊಂದರೆ. ಹದಿನೈದು ಕಿಲೋ ನಾಯಿಗೆ ಕಣ್ಣಂದಾಜಿನಲ್ಲಿ ಒಂದೆರಡು ಮಿಲಿ ಏರಿಸಿದರೆ ಓಲಾಡಬಹುದು, ಕಣ್ಣು ಕಾಣದಾಗಬಹುದು, ಪ್ರಜ್ಞೆಯೂ ತಪ್ಪಬಹುದು. ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್ ತರಹದ ಕುರಿ ಕಾಯುವ ತಳಿಗಳಿಗೆ ಇನ್ನೂ ಅಪಾಯ. ಮದ್ದು ಮೆದುಳಿಗೆ ಇಳಿಯದಂತೆ ತಡೆಯುವ ಜೀನ್ ಅವುಗಳಲ್ಲಿ ಹಲವಕ್ಕೆ ಹಾಳಾಗಿರುತ್ತದೆ, 2001ರಲ್ಲಿ ಅದು ಗೊತ್ತಾಯಿತು. ಪುತ್ತೂರು ಪೇಟೆಯಿಂದ ಕುಂತೂರಿನವರೆಗೆ ಈಗ ಎಲ್ಲರ ಮನೆಯಲ್ಲೂ ತಳಿ ನಾಯಿ. ಪಕ್ಕದ ಮನೆಯ ನಾಟಿ ನಾಯಿಗೆ ಆದ ಮದ್ದು ಇವಕ್ಕೂ ಆಗುತ್ತದೆಂದು ಸೂಜಿ ಹಿಡಿಯಬಾರದು. ಕರಾವಳಿಯ ನಾಯಿಗಳ ರಕ್ತದಲ್ಲಿ ಸೊಳ್ಳೆಯಿಂದ ಬರುವ ಫೈಲೇರಿಯಾ ಹುಳವೂ ಇರಬಹುದು. ಅಂಥ ನಾಯಿಗೆ ಈ ಇಂಜೆಕ್ಷನ್ ಕೊಟ್ಟರೆ ಹುಳಗಳು ಒಟ್ಟಿಗೆ ಸತ್ತು ನಾಯಿ ಕುಸಿದು ಬೀಳಬಹುದು.

ಅತ್ತೆ: ಹಸುವಿನ ಉಣುಗಿಗೆ ನೀರಿಗೆ ಹಾಕಿ ಬಳಿಯುವ ಮದ್ದು ಉಂಟಲ್ಲ, ಅದು?

ಅಳಿಯ: ಅಮಿಟ್ರಾಜ್. ಅದೂ ಕೆಲಸ ಮಾಡುತ್ತದೆ, ಬಹಳ ವರ್ಷ ನಾವು ಅದರಲ್ಲೇ ಕಜ್ಜಿ ಗುಣಪಡಿಸಿದ್ದೇವೆ. ಆದರೆ ಒಣಗುವವರೆಗೆ ನೆಕ್ಕಬಾರದು, ಎಳೇ ಮರಿಗೆ ಬಳಿಯಬಾರದು, ಹಸಿ ಹುಣ್ಣಿನ ಮೇಲೆ ಹಾಕಬಾರದು. ಬಳಿಯುವವರು ಕೈಗವಸು ಹಾಕಬೇಕು, ಸಕ್ಕರೆ ಕಾಯಿಲೆಯವರು ಆ ಕೆಲಸಕ್ಕೇ ಹೋಗಬಾರದು. ಮಾವನಿಗೆ ಉಂಟಲ್ಲ? ಈ ಮಳೆಯಲ್ಲಿ ಬಳಿದದ್ದು ಒಣಗುವುದಾದರೂ ಯಾವಾಗ? ಈಗ ಮಾತ್ರೆಗಳು ಬಂದಿವೆ: ಅಫಾಕ್ಸೊಲೇನರ್, ಸರೋಲೇನರ್, ಫ್ಲುರಲೇನರ್. ಮೊದಲಿನ ಎರಡೂ ತಿಂಗಳಿಗೊಂದು, ಕೊನೆಯದು ಮೂರು ತಿಂಗಳಿಗೊಂದು. ಕಾಳುವಿಗೂ ಆಗುತ್ತದೆ, ಮರಿಯದು ಹರಡಿದರೆ ಅದಕ್ಕೂ ಆಗುತ್ತದೆ, ಉಣುಗೂ ಸಾಯುತ್ತದೆ. ಫಿಟ್ಸ್ ಬರುವ ನಾಯಿಗೆ ಎಚ್ಚರಿಕೆ ಬೇಕು ಅಂತ ಅಮೆರಿಕದ ಔಷಧ ಇಲಾಖೆ 2018ರಲ್ಲಿ ಹೇಳಿದೆ. ಅಂಥ ನಾಯಿ ಆದರೆ ಡಾಕ್ಟ್ರಿಗೆ ಮೊದಲೇ ತಿಳಿಸಬೇಕು.

ಅತ್ತೆ: ಕ್ರಯ?

ಅಳಿಯ: ಒಂದೆರಡು ಕಿಲೋ ಚಾಲಿ ಅಡಿಕೆಯ ಕ್ರಯ ಅಂತ ಇಟ್ಟುಕೊಳ್ಳಿ.

ಅತ್ತೆ: ನಾಯಿಗೆ ಅಷ್ಟು!

ಅಳಿಯ: ರಾತ್ರಿ ಕಾಡುಹಂದಿ ಅಡಿಕೆ ಸಸಿ ಬುಡಮೇಲು ಮಾಡದ ಹಾಗೆ ಕಾಯುವವನು ಯಾರು?

ಅತ್ತೆ: ಅದು ಹೌದು. ಆದರೂ ಕಜ್ಜಿಯಿಂದ ಯಾವ ನಾಯಿ ಸತ್ತದ್ದುಂಟು ಅಂತ ನಿನ್ನ ಮಾವ ಕೇಳುತ್ತಾರೆ.

ಅಳಿಯ: ಅಮೆರಿಕದ ಮೊಂಟಾನಾದಲ್ಲಿ 1905ರಲ್ಲಿ ಕಾನೂನೇ ಮಾಡಿ, ತೋಳಗಳನ್ನು ಹಿಡಿದು ಕಜ್ಜಿ ಹತ್ತಿಸಿ ಮತ್ತೆ ಕಾಡಿಗೆ ಬಿಟ್ಟರು. ತೋಳಗಳ ಸಂತಾನ ಅಳಿಯಲಿ ಅಂತ. ಆ ಕೆಲಸಕ್ಕೆ ನೇಮಿಸಿದ್ದು ಸರಕಾರಿ ಪಶುವೈದ್ಯನನ್ನು. ನನ್ನ ಕಸುಬಿನವ, ಏನು ಹೇಳಲಿ. ಕೊಲ್ಲುತ್ತದೆ ಅಂತ ಗೊತ್ತಿದ್ದೇ ಮಾಡಿದ್ದು. ಕೂದಲಿಲ್ಲದ ಪ್ರಾಣಿಗೆ ಚಳಿ, ಕೆರೆದಲ್ಲಿ ಕೀವು, ನಿದ್ದೆಯಿಲ್ಲ, ತಿಂದದ್ದು ಮೈಗೆ ಹತ್ತುವುದಿಲ್ಲ. ಸಾಯುವುದು ನಿಧಾನ, ಅದಕ್ಕೇ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅತ್ತೆ: ಮೊಮ್ಮಗನ ಕೈಯಲ್ಲೂ ಕೆಂಪು ಗುಳ್ಳೆ ಎದ್ದಿದೆ. ಇವನನ್ನು ಅಪ್ಪಿಕೊಂಡೇ ಕೂರುವುದು. ಸೊಸೆ ನಾಯಿಯನ್ನು ದೂರ ಬಿಟ್ಟು ಬನ್ನಿ ಅಂತಾಳೆ.

ಅಳಿಯ: ಕಾಳುವಿನ ನುಸಿ ಮನುಷ್ಯರ ಚರ್ಮಕ್ಕೆ ಹತ್ತಿ ಕಚ್ಚುತ್ತದೆ, ತುರಿಸುತ್ತದೆ, ಆದರೆ ಅಲ್ಲಿ ಸಂಸಾರ ಹೂಡಲಾರದು. ನಾಯಿ ಗುಣವಾದರೆ ಎರಡು ಮೂರು ವಾರದಲ್ಲಿ ಹುಡುಗನದೂ ಇಳಿಯುತ್ತದೆ. ಇಳಿಯದೆ, ಬೆರಳ ಸಂದಿನಲ್ಲಿ ತುರಿಸಿ, ಮನೆಮಂದಿಗೆಲ್ಲ ರಾತ್ರಿ ಹೆಚ್ಚಾದರೆ ಅದು ಮನುಷ್ಯರದೇ ಕಜ್ಜಿ, ನಾಯಿಯ ಮೇಲೆ ಹೊರಿಸಬೇಡಿ. ಚರ್ಮದ ಡಾಕ್ಟ್ರ ಹತ್ತಿರ ಹೋಗಿ, ಎಲ್ಲರೂ ಒಂದೇ ದಿನ ಮದ್ದು ಹಚ್ಚಬೇಕು. ದೂರ ಬಿಡುವ ಮಾತು ಮಾತ್ರ ಬೇಡ. ಸಾಕಿದ ಪ್ರಾಣಿಯನ್ನು ಹಸಿವೆಗೆ ಸಾಯಲು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ಕಾಯಿದೆ ಹಾಗಿರಲಿ, ಬಿಟ್ಟ ನಾಯಿ ಇನ್ನೊಂದು ಪೇಟೆಯ ಹತ್ತು ನಾಯಿಗಳಿಗೆ ಕಜ್ಜಿ ಹಂಚುತ್ತದೆ. ಕೂದಲುದುರಿ ಬಾಯಿ ಬಿಟ್ಟು ನಡೆಯುವ ನಾಯಿಯನ್ನು ಕಂಡು ಹುಚ್ಚು ನಾಯಿ ಅಂತ ಹೊಡೆದು ಕೊಲ್ಲುವವರೂ ಇದ್ದಾರೆ. ಕಜ್ಜಿಗೂ ಹುಚ್ಚಿಗೂ ಸಂಬಂಧವಿಲ್ಲ. ಆದರೆ ಯಾವ ನಾಯಿ ಕಚ್ಚಿದರೂ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಇಂಜೆಕ್ಷನ್ ತೆಗೆದುಕೊಳ್ಳಬೇಕು, ಅದು ಬೇರೆ ಮಾತು.

ಅತ್ತೆ: ಮಾತ್ರೆ ಕೊಟ್ಟರೆ ಮುಗಿಯಿತು ಹಾಗಾದರೆ.

ಅಳಿಯ: ಮುಗಿಯುವುದಿಲ್ಲ, ಇಲ್ಲೇ ನಮ್ಮವರು ಎಡವುವುದು. ಹತ್ತು ದಿನಕ್ಕೆ ತುರಿಕೆ ನಿಂತು ಕೂದಲು ಚಿಗುರಿದ ಕೂಡಲೇ ಮದ್ದು ನಿಲ್ಲಿಸುತ್ತಾರೆ. ಕಾಳುವಿನ ಮದ್ದು ಕಡಿಮೆಯೆಂದರೂ ನಾಲ್ಕರಿಂದ ಆರು ವಾರದ ಅವಧಿಯನ್ನು ಪೂರ್ತಿ ಕಾಯಬೇಕು. ಡೆಮೊಡೆಕ್ಸ್ ಮೈಯಿಡೀ ಹರಡಿದ್ದಾದರೆ ತಿಂಗಳ ಅಂತರದಲ್ಲಿ ಎರಡು ಸಲ ಚರ್ಮ ಕೆರೆದು ನುಸಿ ಇಲ್ಲವೆಂದು ನೋಡಿದ ಮೇಲೆಯೇ ನಿಲ್ಲಿಸುವುದು. ಮೊದಲ ಕೆಲವು ದಿನ ತುರಿಕೆ ಹೆಚ್ಚಾಗಲೂಬಹುದು, ಸತ್ತ ನುಸಿಗೂ ಮೈ ಸಿಟ್ಟಾಗುತ್ತದೆ. ಕೀವಿದ್ದರೆ ಅದಕ್ಕೆ ಬೇರೆ ಮದ್ದು ಬೇಕು. ಮಲಗುವ ಗೋಣಿಯನ್ನು ಸುಟ್ಟುಬಿಡಿ, ಬಟ್ಟೆಯಾದರೆ ಕುದಿವ ನೀರಿಗೆ ಹಾಕಿ. ಮೈಯಿಂದ ಉದುರಿದ ನುಸಿ ಕೆಲವು ದಿನ ಬದುಕಿರುತ್ತದೆ, ಮಳೆಗಾಲದ ತಂಪಿಗೆ ಇನ್ನೂ ಕೆಲವು ದಿನ ಹೆಚ್ಚು. ಅವನ ಜೊತೆ ಮಲಗುವ ನಾಯಿಗಳಿಗೆಲ್ಲ ತುರಿಕೆ ಇಲ್ಲದಿದ್ದರೂ ಅದೇ ದಿನ ಮದ್ದು ಆಗಬೇಕು. ಮರಿಗೂ.

ಅತ್ತೆ: ಇಷ್ಟಕ್ಕೆಲ್ಲ ಡಾಕ್ಟ್ರು ಎಲ್ಲಿ ಸಿಗುತ್ತಾರೆ? ಹಸು ಕರು ಹಾಕುವಾಗಲೇ ಫೋನಿಗೆ ಸಿಗುವುದು ಕಷ್ಟ. ಕೊಯಿಲದ ಫಾರ್ಮಿನ ಜಾಗದಲ್ಲಿ ಪಶುವೈದ್ಯಕೀಯ ಕಾಲೇಜಿಗೆ ಅಂತ ದೊಡ್ಡ ದೊಡ್ಡ ಕಟ್ಟಡ ಎದ್ದಿದೆ, ಬಸ್ಸಿನಲ್ಲಿ ಹೋಗುವಾಗ ನೋಡುವುದು. ನಮ್ಮ ಪಾಲಿಗೆ ಕಟ್ಟಡವೇ ಮದ್ದು.

ಅಳಿಯ: ಮಲೆನಾಡು ಗಿಡ್ಡ ಸಾಕುವ ಫಾರ್ಮ್ ಪಕ್ಕದಲ್ಲೇ ಇದ್ದೂ ಈ ಭಾಗದ ಜನ ನಾಯಿಯ ಚರ್ಮ ಪರೀಕ್ಷೆಗೆ ಪೇಟೆಯ ದಾರಿ ಹಿಡಿಯಬೇಕು ಅನ್ನುವುದು ನಿಮ್ಮ ದೂರಾದರೆ, ಅದು ನ್ಯಾಯವಾದದ್ದೇ. ಆದರೆ ಕಡಬದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು. ಹಟ್ಟಿಯ ತುರ್ತಿಗೆ 1962 ಸಂಖ್ಯೆ ಉಂಟು, ಗೋಡೆಯಲ್ಲಿ ಬರೆದಿಡಿ. ಅದಕ್ಕೂ ಮೊದಲು ಇವತ್ತೇ ಒಂದು ಕೆಲಸ: ಕಾಳುವನ್ನು ಗೋಣಿಯಲ್ಲಿ ಕೂರಿಸಿ ಅಡಿಕೆ ತೂಗುವ ತಕ್ಕಡಿಗೆ ಹಾಕುವ. ತೂಕ ಬರೆದುಕೊಂಡು ಹೋದರೆ ಡಾಕ್ಟ್ರ ಅರ್ಧ ಕೆಲಸ ಹಗುರ.

ಅತ್ತೆ: ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೋಳು ನಾಯಿ ಉಂಟು. ಯಾರದೂ ಅಲ್ಲ. ಸಂಜೆ ಗಂಜಿಗೆ ಇಲ್ಲಿಗೇ ಬರುವುದು, ಇವನ ಜೊತೆಯೇ ಅಡಿಕೆ ಸಿಪ್ಪೆಯ ರಾಶಿಯಲ್ಲಿ ಮಲಗುವುದು.

ಅಳಿಯ: ಹಾಗಾದರೆ ರೋಗ ಬಂದ ದಾರಿ ಗೊತ್ತಾಯಿತು. ಕಾಳುವನ್ನು ಗುಣಮಾಡಿ ಅದನ್ನು ಬಿಟ್ಟರೆ ದೀಪಾವಳಿಗೆ ಮತ್ತೆ ನನ್ನನ್ನು ಕರೆಯುತ್ತೀರಿ. ಹಿಡಿಯಲಾಗದ ನಾಯಿಗೆ ಮಾತ್ರೆಯಷ್ಟು ಅನುಕೂಲದ್ದು ಬೇರೆ ಇಲ್ಲ. ಒಂದು ಬಂಗುಡೆ ತುಂಡಿನೊಳಗಿಟ್ಟರೆ ನುಂಗುತ್ತದೆ. ನಾಳೆ ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ ನಾಲ್ಕು ಜನರಲ್ಲಿ ಹೇಳಿ, ಒಬ್ಬೊಬ್ಬರು ಒಂದು ಲೀಟರ್ ಹಾಲಿನ ದುಡ್ಡು ಹಾಕಲಿ. ಅದರ ತೂಕದ ಅಂದಾಜನ್ನೂ ಚೀಟಿಯಲ್ಲಿ ಬರೆಯಿರಿ, ಮೂರು ನಾಯಿಗೂ ಒಟ್ಟಿಗೇ ಡಾಕ್ಟ್ರಲ್ಲಿ ಕೇಳಿ ಮಾತ್ರೆ ತನ್ನಿ.